ಕಿವಿ ಮಂದವಾದರೆ ಬಿಪಿಯನ್ನೂ ನೋಡಿಸಿ: ಹೃದಯ ಮತ್ತು ಶ್ರವಣದ ನಂಟು, ಒಂದು ಸಮಗ್ರ ಮಾರ್ಗದರ್ಶಿ

ಕಿವಿ ಸರಿಯಾಗಿ ಕೇಳಿಸದಿದ್ದರೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗುತ್ತೇವೆ. ಎದೆ ನೋವು ಬಂದರೆ ಹೃದಯದ ಡಾಕ್ಟರ ಹತ್ತಿರ. ಎರಡಕ್ಕೂ ಬೇರೆ ಫೈಲು, ಎಷ್ಟೋ ಸಲ ಬೇರೆ ಆಸ್ಪತ್ರೆ. ಈ ಎರಡು ಫೈಲುಗಳು ಒಂದೇ ಮೇಜಿನ ಮೇಲೆ ಬರುವುದು ಅಪರೂಪ. ಬರಬೇಕು ಎನ್ನುವುದೇ ಈ ಬರಹದ ಒಟ್ಟು ಮಾತು. ಯಾವುದಕ್ಕೆ ಓಡಬೇಕು, ಯಾವುದನ್ನು ನಿಧಾನವಾಗಿ ನೋಡಿಸಬಹುದು, ಯಾವುದಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬಾರದು ಎಂದು ಹಂತ ಹಂತವಾಗಿ ನೋಡೋಣ.

ಒಳಕಿವಿಗೆ ರಕ್ತ ಬರುವ ದಾರಿ

ಒಳಕಿವಿಯಲ್ಲಿ ಕಾಕ್ಲಿಯಾ ಎಂಬ ಪುಟ್ಟ ಸುರುಳಿ ಇದೆ. ಎರಡೂವರೆ ಸುತ್ತಿನ ಈ ಸುರುಳಿಯೊಳಗೆ ಸುಮಾರು 15,000 ಕೂದಲು ಕೋಶಗಳಿವೆ. ಶಬ್ದದ ಅಲೆಯನ್ನು ನರದ ಸಂದೇಶವಾಗಿ ಬದಲಿಸುವುದು ಇವುಗಳ ಕೆಲಸ. ಮನುಷ್ಯರಲ್ಲಿ ಇವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸುರುಳಿಯ ಹೊರಗೋಡೆಯಲ್ಲಿ ಅತಿ ಸಣ್ಣ ರಕ್ತನಾಳಗಳು ದಟ್ಟವಾಗಿ ಹೆಣೆದುಕೊಂಡ ಒಂದು ಪದರ ಇದೆ. ಒಳಗಿನ ದ್ರವದಲ್ಲಿ ಸದಾ ಸುಮಾರು 80 ಮಿಲಿವೋಲ್ಟ್ ವಿದ್ಯುತ್ ಇರುವಂತೆ ನೋಡಿಕೊಳ್ಳುವುದು ಈ ಪದರವೇ. ರಕ್ತ ಕಡಿಮೆಯಾದರೆ ಈ ವೋಲ್ಟೇಜ್ ಇಳಿಯುತ್ತದೆ. ಆಗ ಕೂದಲು ಕೋಶಗಳು ಇದ್ದೂ ಕೆಲಸ ಮಾಡುವುದಿಲ್ಲ.

ಇಷ್ಟು ಮುಖ್ಯವಾದ ಜಾಗಕ್ಕೆ ರಕ್ತ ಹೇಗೆ ಬರುತ್ತದೆ ಅಂದರೆ, ಕತ್ತಿನ ಹಿಂಭಾಗದಲ್ಲಿ ಮೇಲೇರುವ ಎರಡು ರಕ್ತನಾಳಗಳು ಮೆದುಳಿನ ಬುಡದಲ್ಲಿ ಒಂದಾಗುತ್ತವೆ. ಅಲ್ಲಿಂದ ಒಂದು ಕವಲು ಕಿರುಮೆದುಳಿನ ಕಡೆ ಹೋಗುತ್ತದೆ. ಹೆಚ್ಚಿನವರಲ್ಲಿ ಆ ಕವಲಿನಿಂದ ಒಡೆಯುವ ಒಂದು ತೆಳ್ಳನೆಯ ನಾಳ ಒಳಕಿವಿಗೆ ಬರುತ್ತದೆ. ಅಷ್ಟೇ. ಅದು ಕಟ್ಟಿಕೊಂಡರೆ ರಕ್ತ ತಂದುಕೊಡಲು ಬೇರೆ ನಾಳ ಇಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ಕಷ್ಟ ನಿಮಗೆ ಗೊತ್ತಿರಬಹುದು. ಮೇಲೆ ಎಲ್ಲಿ ನೀರು ಕಡಿಮೆಯಾದರೂ ಮೊದಲು ಒಣಗುವುದು ಅವರ ಗದ್ದೆ. ಒಳಕಿವಿಯ ಪಾಡೂ ಅದೇ. ಆ ಕೊನೆ ಭಾಗದಲ್ಲೂ ತೀರಾ ಕೊನೆಯ ಗದ್ದೆ ಅಂದರೆ ಸುರುಳಿಯ ತುದಿ. ಅಲ್ಲಿಗೆ ರಕ್ತ ತಲುಪುವುದು ಎಲ್ಲಕ್ಕಿಂತ ಕೊನೆಗೆ. ದಪ್ಪ ಧ್ವನಿ, ಅಂದರೆ ಕಡಿಮೆ ಆವರ್ತನದ ಶಬ್ದ ಕೇಳಿಸುವುದು ಆ ತುದಿಯಿಂದಲೇ.

ಸಂಶೋಧನೆಗಳು ಕುತೂಹಲ ಹುಟ್ಟಿಸುವುದೂ ಇದೇ ಜಾಗದಲ್ಲಿ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದ ನಡೆಯುತ್ತಿರುವ ಹೃದಯದ ಅಧ್ಯಯನ ಬಹಳ ಹೆಸರಾದದ್ದು. ಅಲ್ಲಿನ ವಯಸ್ಸಾದವರ ಕಿವಿ ಪರೀಕ್ಷೆಯನ್ನೂ ಮಾಡಿ 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೃದಯಾಘಾತ, ಪಾರ್ಶ್ವವಾಯುಗಳ ಜೊತೆ ಹೆಚ್ಚು ನಂಟು ಕಂಡದ್ದು ಕಡಿಮೆ ಆವರ್ತನದ ಶ್ರವಣ ನಷ್ಟಕ್ಕೆ. ಅದೂ ಹೆಂಗಸರಲ್ಲಿ ಜಾಸ್ತಿ. ಅದಕ್ಕೂ ಮೊದಲು, 1962ರಲ್ಲಿ, ಸ್ಯಾಮ್ಯುಯೆಲ್ ರೋಸೆನ್ ಎಂಬ ಅಮೆರಿಕದ ಕಿವಿ ಸರ್ಜನ್ ಸುಡಾನಿನ ಮಬಾನ್ ಜನರ ಬಗ್ಗೆ ಬರೆದಿದ್ದರು. ಅಲ್ಲಿನ ಮುದುಕರಿಗೂ ಕಿವಿ ಚೆನ್ನಾಗಿ ಕೇಳುತ್ತಿತ್ತು. ವಯಸ್ಸಾದರೂ ಬಿಪಿ ಏರುತ್ತಿರಲಿಲ್ಲ. ಊರಿನಲ್ಲಿ ಗದ್ದಲವೂ ಇರಲಿಲ್ಲ ಅನ್ನಿ. ಹಾಗಾಗಿ ಅದು ಬಿಪಿಯ ಪುಣ್ಯವೋ ಮೌನದ ಪುಣ್ಯವೋ ಎಂದು ಬಿಡಿಸಿ ಹೇಳುವುದು ಕಷ್ಟ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಇವೆಲ್ಲ ಎರಡು ಸಂಗತಿ ಒಟ್ಟೊಟ್ಟಿಗೆ ಕಾಣುತ್ತವೆ ಎಂದು ಹೇಳುವ ಅಧ್ಯಯನಗಳು. ಒಂದರಿಂದಲೇ ಇನ್ನೊಂದು ಬಂತು ಎಂದಲ್ಲ. ಕಿವಿ ಮಂದವಾದ ಹೆಚ್ಚಿನವರಿಗೆ ಕಾರಣ ವಯಸ್ಸು ಮತ್ತು ಗದ್ದಲ. "ನಿಮ್ಮ ಕಿವಿ ಹಾರ್ಟ್ ಅಟ್ಯಾಕಿನ ಮುನ್ಸೂಚನೆ ಕೊಡುತ್ತದೆ" ಎಂಬ ವಾಟ್ಸಾಪ್ ಸಂದೇಶ ಬಂದರೆ ಅಳಿಸಿಬಿಡಿ. ಆದರೆ ಬಿಪಿ, ಶುಗರ್, ಹೊಗೆಸೊಪ್ಪು ಮೂರೂ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತವೆ ಎನ್ನುವುದರಲ್ಲಿ ಅನುಮಾನ ಇಲ್ಲ. ಕಣ್ಣಿನ ಪರದೆ, ಕಿಡ್ನಿ, ಒಳಕಿವಿ ಮೂರೂ ಸಣ್ಣ ನಾಳಗಳನ್ನೇ ನಂಬಿಕೊಂಡಿವೆ. ಶುಗರ್ ಇದ್ದವರಿಗೆ ಕಣ್ಣು ನೋಡಿಸಿ, ಕಿಡ್ನಿ ನೋಡಿಸಿ ಎಂದು ಎಲ್ಲರೂ ಹೇಳುತ್ತಾರೆ. ಕಿವಿ ನೋಡಿಸಿ ಎನ್ನುವವರು ಕಡಿಮೆ. 2008ರಲ್ಲಿ ಬಂದ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯ ಲೆಕ್ಕದ ಪ್ರಕಾರ ಶುಗರ್ ಇರುವವರಲ್ಲಿ ಶ್ರವಣ ನಷ್ಟ ಉಳಿದವರಿಗಿಂತ ಸುಮಾರು ಎರಡು ಪಟ್ಟು.

ಹಂತ 1: ಕಾಯಬಾರದ ಲಕ್ಷಣಗಳನ್ನು ಮೊದಲು ತಿಳಿದುಕೊಳ್ಳಿ

ಬರಹದ ಉಳಿದ ಭಾಗ ಓದದಿದ್ದರೂ ಪರವಾಗಿಲ್ಲ, ಇದನ್ನು ಓದಿ.

ಬೆಳಿಗ್ಗೆ ಎದ್ದಾಗ ಒಂದು ಕಿವಿ ಪೂರ್ತಿ ಮುಚ್ಚಿಕೊಂಡ ಹಾಗಿದೆ. ಫೋನನ್ನು ಆ ಕಿವಿಗೆ ಹಿಡಿದರೆ ಏನೂ ಕೇಳುತ್ತಿಲ್ಲ. ಗುಂಯ್ ಎನ್ನುವ ಶಬ್ದ ಬೇರೆ. ನಮ್ಮಲ್ಲಿ ಹೆಚ್ಚಿನವರು ಏನು ಮಾಡುತ್ತಾರೆ? ನೆಗಡಿ ಇರಬೇಕು ಅಂದುಕೊಳ್ಳುತ್ತಾರೆ, ಅಥವಾ ಗುಗ್ಗೆ ಕಟ್ಟಿರಬೇಕು ಎಂದು ಬಿಸಿ ಎಣ್ಣೆ ಬಿಡುತ್ತಾರೆ. ಒಂದು ವಾರ, ಹತ್ತು ದಿನ ಹಾಗೇ ಹೋಗುತ್ತದೆ. ಇದು ಗುಗ್ಗೆಯೇ ಆಗಿರಬಹುದು. ಆದರೆ ಒಳಕಿವಿಯ ನರಸಂಬಂಧಿ ಹಠಾತ್ ಶ್ರವಣ ನಷ್ಟವೂ ಆಗಿರಬಹುದು. ಮೂರು ದಿನದೊಳಗೆ ಕೇಳುವ ಶಕ್ತಿ ಹೀಗೆ ಬಿದ್ದುಹೋದರೆ ಅದು ತುರ್ತು ಪರಿಸ್ಥಿತಿ. ಸ್ಟೀರಾಯ್ಡ್ ಚಿಕಿತ್ಸೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಮೊದಲ ಎರಡು ವಾರ ಕಳೆದರೆ ಪ್ರಯೋಜನ ತುಂಬಾ ಕಡಿಮೆ. ಕೆಲವರಿಗೆ ಕಿವಿ ತಾನಾಗಿಯೇ ತೆರೆದುಕೊಳ್ಳುತ್ತದೆ, ನಿಜ. ಯಾರಿಗೆ ಎಂದು ಮೊದಲೇ ಗೊತ್ತಾಗುವುದಿಲ್ಲವಲ್ಲ.

ಮನೆಯಲ್ಲೇ ಮಾಡಬಹುದಾದ ಒಂದು ಸಣ್ಣ ಪರೀಕ್ಷೆ ಇದೆ. ಬಾಯಿ ಮುಚ್ಚಿಕೊಂಡು "ಹ್ಞೂಂ" ಎಂದು ಗುನುಗಿ. ಆ ಶಬ್ದ ಮುಚ್ಚಿದ ಕಿವಿಯಲ್ಲೇ ಜೋರಾಗಿ ಕೇಳಿದರೆ ಗುಗ್ಗೆ ಅಥವಾ ನೆಗಡಿಯಂಥ ಅಡ್ಡಿ ಇರುವ ಸಾಧ್ಯತೆ ಜಾಸ್ತಿ. ಚೆನ್ನಾಗಿರುವ ಕಿವಿಯಲ್ಲಿ ಜೋರಾಗಿ ಕೇಳಿದರೆ ಒಳಕಿವಿಯ ತೊಂದರೆ ಎಂದು ಅನುಮಾನಿಸಿ, ಅವತ್ತೇ ಇಎನ್‌ಟಿ ಡಾಕ್ಟರ ಬಳಿ ಹೋಗಿ. ಇದು ಡಾಕ್ಟರರು ಟ್ಯೂನಿಂಗ್ ಫೋರ್ಕ್ ಇಟ್ಟು ಮಾಡುವ ಪರೀಕ್ಷೆಯ ಮನೆ ರೂಪ. ಅದರ ಬದಲಿ ಅಲ್ಲ. ಗುನುಗಿದ್ದು ಯಾವ ಕಡೆ ಕೇಳಿತು ಎಂಬುದೇ ಗೊತ್ತಾಗದಿದ್ದರೂ ಹೋಗಿ.

ಶುಗರ್ ಅಥವಾ ಬಿಪಿ ಇರುವವರು ಸ್ಟೀರಾಯ್ಡ್ ಶುರು ಮಾಡುವ ಮುಂಚೆ ಅದನ್ನು ಹೇಳಲೇಬೇಕು. ಈ ಮಾತ್ರೆ ಎರಡನ್ನೂ ಏರಿಸುತ್ತದೆ. ಹಾಗಂತ ಚಿಕಿತ್ಸೆ ಬಿಡಬೇಕಿಲ್ಲ. ಶುಗರ್ ಮಾತ್ರೆಯ ಪ್ರಮಾಣ ಹೊಂದಿಸುತ್ತಾರೆ, ಅಥವಾ ಕಿವಿಯ ತಮಟೆಯ ಮೂಲಕ ನೇರ ಒಳಗೇ ಇಂಜೆಕ್ಷನ್ ಕೊಡುತ್ತಾರೆ.

ಇನ್ನು ಇದಕ್ಕಿಂತ ದೊಡ್ಡ ಅಪಾಯ. ಕಿವಿ ಹಠಾತ್ತಾಗಿ ಮುಚ್ಚಿಕೊಂಡದ್ದರ ಜೊತೆ ವಿಪರೀತ ತಲೆ ಸುತ್ತು, ನಡೆಯುವಾಗ ಒಂದು ಕಡೆ ವಾಲುವುದು, ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಎರಡೆರಡು ಕಾಣಿಸುವುದು, ಕೈಕಾಲು ಜೋಮು ಹಿಡಿಯುವುದು, ಇವುಗಳಲ್ಲಿ ಒಂದಿದ್ದರೂ ಇಎನ್‌ಟಿ ಕ್ಲಿನಿಕ್ ಹುಡುಕಬೇಡಿ. 108ಕ್ಕೆ ಕರೆ ಮಾಡಿ, ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ. ಒಳಕಿವಿಯ ನಾಳ ಬರುವುದೇ ಕಿರುಮೆದುಳಿಗೆ ಹೋಗುವ ಕವಲಿನಿಂದ ಎಂದೆನಲ್ಲ. ಆ ಕವಲೇ ಕಟ್ಟಿಕೊಂಡರೆ ಪಾರ್ಶ್ವವಾಯುವಿನ ಮೊದಲ ಲಕ್ಷಣ ಕಿವುಡು ಆಗಿರಬಹುದು. 2008ರಲ್ಲಿ ತೈವಾನಿನ ವೈದ್ಯರು ಹಠಾತ್ ಕಿವುಡು ಬಂದವರನ್ನು ಐದು ವರ್ಷ ಗಮನಿಸಿದ ಅಧ್ಯಯನ ಪ್ರಕಟಿಸಿದರು. ಉಳಿದವರಿಗಿಂತ ಇವರಲ್ಲಿ ಪಾರ್ಶ್ವವಾಯುವಿನ ಸಾಧ್ಯತೆ ಒಂದೂವರೆ ಪಟ್ಟು ದಾಟಿತ್ತು. ಹಾಗಾಗಿ ಕಿವಿ ಸರಿಹೋದರೂ ಹಂತ 3ರ ಪರೀಕ್ಷೆಗಳನ್ನು ಬಿಡಬೇಡಿ.

ಓಡಬೇಕಿಲ್ಲದಿದ್ದರೂ ತಡ ಮಾಡಬಾರದ ಇನ್ನೊಂದು ಲಕ್ಷಣ, ಕಿವಿಯೊಳಗೆ ನಾಡಿಯ ಲಯಕ್ಕೆ ಸರಿಯಾಗಿ ಬುಸ್ ಬುಸ್ ಎಂದು ಕೇಳುವುದು. ಮಣಿಕಟ್ಟಿನ ನಾಡಿ ಹಿಡಿದು ತಾಳೆ ನೋಡಿ. ಎರಡೂ ಒಟ್ಟಿಗೆ ಬಡಿಯುತ್ತಿದ್ದರೆ ಅದು ಸಾಮಾನ್ಯ ಗುಂಯ್ ಅಲ್ಲ. ರಕ್ತಹೀನತೆ, ಥೈರಾಯ್ಡ್, ಏರಿದ ಬಿಪಿ, ಕತ್ತಿನ ರಕ್ತನಾಳದಲ್ಲಿ ಕೊಬ್ಬು ಕಟ್ಟಿರುವುದು, ಕಿವಿಯ ಹತ್ತಿರದ ನಾಳಗಳ ದೋಷ, ಹೀಗೆ ಕಾರಣ ಹಲವು. ಕತ್ತಿನ ಡಾಪ್ಲರ್, ಅಂದರೆ ರಕ್ತದ ಹರಿವು ನೋಡುವ ಪರೀಕ್ಷೆ, ಅಥವಾ ಸ್ಕ್ಯಾನ್ ಬೇಕಾಗಬಹುದು.

ಹಂತ 2: ಕಿವಿ ಪರೀಕ್ಷೆ ಮಾಡಿಸಿ, ಆಡಿಯೋಗ್ರಾಂ ಓದಲು ಕಲಿಯಿರಿ

ಮೊದಲು ಇಎನ್‌ಟಿ ಡಾಕ್ಟರು ಕಿವಿಯೊಳಗೆ ನೋಡಿ ಗುಗ್ಗೆ, ತಮಟೆಯ ತೂತು, ಸೋಂಕು ಇಲ್ಲವೆಂದು ಖಚಿತ ಮಾಡಿಕೊಳ್ಳಲಿ. ಆಮೇಲೆ ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞರ ಹತ್ತಿರ ಶಬ್ದ ಬಾರದ ಕೋಣೆಯಲ್ಲಿ ಪರೀಕ್ಷೆ. ಹೆಡ್‌ಫೋನ್ ಹಾಕುತ್ತಾರೆ, ಸಣ್ಣ ಶಬ್ದ ಕೇಳಿದಾಗ ಕೈ ಎತ್ತಬೇಕು ಅಥವಾ ಗುಂಡಿ ಒತ್ತಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸಕ್ಕೆ ದೇಶದಲ್ಲೇ ಹೆಸರುವಾಸಿ. ಜಿಲ್ಲಾ ಆಸ್ಪತ್ರೆಗಳಲ್ಲೂ ವಿಚಾರಿಸಿ. ಕನ್ನಡಕದ ಅಂಗಡಿಯ ಹಾಗೆ ರಸ್ತೆ ಬದಿ ಮಳಿಗೆಯಲ್ಲಿ "ಉಚಿತ ಪರೀಕ್ಷೆ" ಮಾಡಿ ಅಲ್ಲೇ ಮೆಷಿನ್ ಮಾರುವ ಜಾಗಗಳಿಗೆ ಮೊದಲೇ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ರೋಗ ಏನೆಂದು ತಿಳಿಯಲಿ, ಮೆಷಿನ್ ಆಮೇಲೆ.

ಪರೀಕ್ಷೆಯ ಹಾಳೆ, ಅಂದರೆ ಆಡಿಯೋಗ್ರಾಂ, ಕೈಗೆ ಬಂದಾಗ ಮಡಚಿ ಇಟ್ಟುಬಿಡಬೇಡಿ. ಅದನ್ನು ಓದುವುದು ಕಷ್ಟ ಅಲ್ಲ. ಎಡದಿಂದ ಬಲಕ್ಕೆ 250ರಿಂದ 8000 ಹರ್ಟ್ಸ್‌ವರೆಗೆ ಆವರ್ತನ. ಎಡಗಡೆ ದಪ್ಪ ಧ್ವನಿ, ಬಲಗಡೆ ಕೀರಲು ಧ್ವನಿ. ಮೇಲಿನಿಂದ ಕೆಳಕ್ಕೆ ಡೆಸಿಬೆಲ್. ಗೆರೆ ಕೆಳಗೆ ಇಳಿದಷ್ಟೂ ಕೇಳುವುದು ಕಡಿಮೆ. ಕೆಂಪು ಸೊನ್ನೆಗಳು ಬಲಗಿವಿ, ನೀಲಿ ಗುಣಿಸು ಗುರುತುಗಳು ಎಡಗಿವಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸರಾಸರಿ 20 ಡೆಸಿಬೆಲ್‌ಗಿಂತ ಕಡಿಮೆ ಇದ್ದರೆ ತೊಂದರೆ ಇಲ್ಲ. 20ರಿಂದ 35ರವರೆಗೆ ಅಲ್ಪ, 35ರಿಂದ 50ರವರೆಗೆ ಮಧ್ಯಮ. ಅದರಾಚೆ ಹೋದಂತೆ ತೀವ್ರ.

ಈಗ ಗೆರೆಯ ಆಕಾರ ನೋಡಿ. ಎಡಗಡೆ ಸರಿಯಿದ್ದು ಬಲಗಡೆ ಇಳಿಜಾರಾದರೆ ಸಾಮಾನ್ಯವಾಗಿ ವಯಸ್ಸಿನದು. 4000ರ ಹತ್ತಿರ ಮಾತ್ರ ಗುಂಡಿ ಬಿದ್ದಂತಿದ್ದರೆ ಗದ್ದಲದ್ದು. ದೊಡ್ಡಬಳ್ಳಾಪುರದಲ್ಲೋ ರಬಕವಿ ಬನಹಟ್ಟಿಯಲ್ಲೋ ವರ್ಷಗಟ್ಟಲೆ ವಿದ್ಯುತ್ ಮಗ್ಗದ ಪಕ್ಕ ನಿಂತವರಲ್ಲಿ ಈ ಗುಂಡಿ ಕಂಡರೆ ಆಶ್ಚರ್ಯವಿಲ್ಲ. ಗೆರೆ ಎಡಗಡೆಯಿಂದಲೇ ಕೆಳಗಿದ್ದರೆ, ಅಥವಾ ಪೂರ್ತಿ ಅಡ್ಡಕ್ಕೆ ಕೆಳಮಟ್ಟದಲ್ಲಿ ಹೋದರೆ, ರಕ್ತನಾಳದ ಕಡೆ ಒಮ್ಮೆ ನೋಡಬೇಕು. ಅಮೆರಿಕದ ಮಿಲ್ವಾಕಿಯ ವೈದ್ಯರು 2009ರಲ್ಲಿ ಇದನ್ನೇ ಹೇಳಿದರು. ಕಡಿಮೆ ಆವರ್ತನದ ನಷ್ಟ ಇರುವವರನ್ನು ಹೃದಯ ಮತ್ತು ರಕ್ತನಾಳದ ಅಪಾಯ ಇರಬಹುದಾದವರೆಂದು ಎಣಿಸಿ ತಪಾಸಣೆಗೆ ಕಳಿಸುವುದು ಒಳ್ಳೆಯದು ಎಂದು. ಆದರೆ ಇದೇ ಆಕಾರ ಮೆನಿಯರ್ ಎಂಬ ಒಳಕಿವಿಯ ಕಾಯಿಲೆಯಲ್ಲೂ ಬರುತ್ತದೆ. ಕಿವಿಯ ಸಣ್ಣ ಮೂಳೆ ಗಟ್ಟಿಯಾದಾಗಲೂ ಬರುತ್ತದೆ. ಹಾಳೆ ನೋಡಿ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. "ನನ್ನ ಕಡಿಮೆ ಆವರ್ತನ ಯಾಕೆ ಇಳಿದಿದೆ?" ಎಂದು ಡಾಕ್ಟರನ್ನು ಕೇಳಿ. ಆ ಒಂದು ಪ್ರಶ್ನೆ ಸಾಕು.

ಅಂದಹಾಗೆ, ಕಿವಿಯ ಹಾಲೆಯ ಮೇಲೆ ಓರೆ ಗೆರೆ ಇದ್ದರೆ ಹೃದಯ ರೋಗ ಎಂಬ ಮಾತು ಆಗಾಗ ಹರಿದಾಡುತ್ತದೆ. 1973ರಲ್ಲಿ ಫ್ರಾಂಕ್ ಎಂಬ ವೈದ್ಯರು ಬರೆದ ಗಮನಿಕೆ ಅದು. ಕೇಳುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ವಯಸ್ಸಾದಂತೆ ಎಷ್ಟೋ ಜನಕ್ಕೆ ಆ ಗೆರೆ ಬರುತ್ತದೆ. ಕನ್ನಡಿ ಮುಂದೆ ನಿಂತು ಹುಡುಕುವ ಬದಲು ಬಿಪಿ ನೋಡಿಸಿ.

ಹಂತ 3: ಅದೇ ತಿಂಗಳಲ್ಲಿ ಹೃದಯದ ಕಡೆಯ ಪರೀಕ್ಷೆ

ಕಿವಿಯ ವರದಿಯಲ್ಲಿ ನರಸಂಬಂಧಿ ನಷ್ಟ ಎಂದಿದ್ದರೆ, ನಿಮಗೆ 40 ದಾಟಿದ್ದರೆ, ಬಿಪಿ, ಶುಗರ್, ಕೊಲೆಸ್ಟ್ರಾಲ್, ಹಿಮೋಗ್ಲೋಬಿನ್, ಥೈರಾಯ್ಡ್, ಕ್ರಿಯಾಟಿನಿನ್ ಮತ್ತು ಇಸಿಜಿ ಮಾಡಿಸಿ. ಯಾವುದೂ ದುಬಾರಿ ಅಲ್ಲ. ತಾಲ್ಲೂಕು ಆಸ್ಪತ್ರೆಯಲ್ಲೇ ಹೆಚ್ಚಿನವು ಆಗುತ್ತವೆ. ಎಕೋ, ಟಿಎಂಟಿ, ಆಂಜಿಯೋಗ್ರಾಂ ಎಂದು ಒಮ್ಮೆಲೇ ಹಾರಬೇಕಿಲ್ಲ. ಕಿವಿ ಮಂದ ಎಂಬ ಒಂದೇ ಕಾರಣಕ್ಕೆ ಯಾರಾದರೂ ಆಂಜಿಯೋಗ್ರಾಂ ಮಾಡಿಸಿ ಎಂದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿ.

ಬಿಪಿ ನೋಡುವುದರಲ್ಲಿ ನಾವು ಬಹಳ ಅವಸರ ಮಾಡುತ್ತೇವೆ. ಮೆಟ್ಟಿಲು ಹತ್ತಿ ಬಂದು ಕುಳಿತ ತಕ್ಷಣ ಪಟ್ಟಿ ಕಟ್ಟಿದರೆ ಬರುವ ಸಂಖ್ಯೆಗೆ ಬೆಲೆ ಇಲ್ಲ. ಅರ್ಧ ಗಂಟೆ ಮುಂಚೆಯಿಂದ ಕಾಫಿ, ಬೀಡಿ ಬೇಡ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂರಿ. ತೋಳು ಎದೆಯ ಮಟ್ಟದಲ್ಲಿ ಇರಲಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ ಬರೆದಿಡಿ. ಆಸ್ಪತ್ರೆಯಲ್ಲಿ ಬೇರೆ ಬೇರೆ ದಿನ ನೋಡಿದಾಗಲೂ 140/90 ಮುಟ್ಟಿದರೆ, ಅಥವಾ ಮನೆಯಲ್ಲಿ 135/85 ಮುಟ್ಟಿದರೆ, ಅದು ಅಧಿಕ ರಕ್ತದೊತ್ತಡವೇ. ಶುಗರ್‌ಗೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಒಳ್ಳೆಯದು. 6.5 ಮತ್ತು ಮೇಲೆ ಇದ್ದರೆ ಸಕ್ಕರೆ ಕಾಯಿಲೆ. 5.7ರಿಂದ 6.4ರವರೆಗೆ ಇದ್ದರೆ ಹೊಸ್ತಿಲಲ್ಲಿದ್ದೀರಿ.

ಎಲ್ಲ ವರದಿಗಳನ್ನೂ ಆಡಿಯೋಗ್ರಾಂ ಇರುವ ಫೈಲಿನಲ್ಲೇ ಸೇರಿಸಿ. ಹೃದಯದ ಡಾಕ್ಟರಿಗೆ ಕಿವಿಯ ಹಾಳೆ ತೋರಿಸಿ. ಕಿವಿ ಡಾಕ್ಟರಿಗೆ ಇಸಿಜಿ ತೋರಿಸಿ. ಅವರು ಕೇಳದಿದ್ದರೂ ತೋರಿಸಿ.

ಹಂತ 4: ಮಾತ್ರೆಗಳ ಪಟ್ಟಿ ಮಾಡಿ

ಹೃದಯಕ್ಕೆ ಕೊಡುವ ಕೆಲವು ಔಷಧಗಳು ಕಿವಿಯನ್ನೂ ಮುಟ್ಟುತ್ತವೆ. ಇಲ್ಲಿ ಅರ್ಧ ತಿಳುವಳಿಕೆ ಅಪಾಯಕಾರಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಹೃದಯ ಸೋತು ಕಾಲು ಊದಿಕೊಂಡವರಿಗೆ ಫ್ಯುರೋಸೆಮೈಡ್ ಕೊಡುತ್ತಾರೆ. ಮೂತ್ರ ಜಾಸ್ತಿ ಹೋಗಿಸುವ ಮಾತ್ರೆ, ಲೇಸಿಕ್ಸ್ ಎಂದರೆ ಎಲ್ಲರಿಗೂ ಗೊತ್ತು. ಮನೆಯಲ್ಲಿ ನುಂಗುವ ಸಾಮಾನ್ಯ ಪ್ರಮಾಣದಲ್ಲಿ ಕಿವಿಗೆ ಭಯ ಕಡಿಮೆ. ಆಸ್ಪತ್ರೆಯಲ್ಲಿ ದೊಡ್ಡ ಪ್ರಮಾಣವನ್ನು ರಕ್ತನಾಳಕ್ಕೆ ವೇಗವಾಗಿ ಕೊಟ್ಟಾಗ, ಕಿಡ್ನಿ ದುರ್ಬಲ ಇದ್ದಾಗ, ಜೊತೆಗೆ ಜೆಂಟಾಮೈಸಿನ್ ಅಥವಾ ಅಮಿಕಾಸಿನ್ ಎಂಬ ಆಂಟಿಬಯೋಟಿಕ್ ಇಂಜೆಕ್ಷನ್ ಇದ್ದಾಗ ಅಪಾಯ. ಫ್ಯುರೋಸೆಮೈಡ್‌ನಿಂದ ಮಾತ್ರ ಬಂದ ಕಿವುಡು ಸಾಮಾನ್ಯವಾಗಿ ವಾಪಸ್ ಹೋಗುತ್ತದೆ. ಆ ಎರಡು ಇಂಜೆಕ್ಷನ್‌ಗಳು ಕೂದಲು ಕೋಶಗಳನ್ನೇ ಕೊಲ್ಲಬಲ್ಲವು, ಆ ನಷ್ಟ ಉಳಿದುಬಿಡುತ್ತದೆ. ಆಸ್ಪತ್ರೆಯಲ್ಲಿ ಇರುವವರಿಗೆ ಹೊಸದಾಗಿ ಗುಂಯ್ ಶಬ್ದ ಶುರುವಾದರೆ ಅವತ್ತೇ ಹೇಳಬೇಕು.

ಆಸ್ಪಿರಿನ್ ವಿಷಯದಲ್ಲಿ ಜನ ಸುಮ್ನೆ ಹೆದರುತ್ತಾರೆ. ಕಿವಿಗೆ ತೊಂದರೆ ಕೊಡುವುದು ದಿನಕ್ಕೆ ಹಲವು ಗ್ರಾಂಗಳಷ್ಟು ದೊಡ್ಡ ಪ್ರಮಾಣ. ಹೃದಯಕ್ಕೆ ಕೊಡುವುದು 75 ಅಥವಾ 150 ಮಿಲಿಗ್ರಾಂ. ಸ್ಟೆಂಟ್ ಹಾಕಿಸಿಕೊಂಡವರು ಕಿವಿ ಗುಂಯ್‌ಗುಟ್ಟುತ್ತದೆ ಎಂದು ತಾವೇ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ನಿಲ್ಲಿಸಿದರೆ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿ ಜೀವವೇ ಹೋಗಬಹುದು. ಯಾವ ಹೃದಯದ ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಮೆಡಿಕಲ್ ಶಾಪಿನಿಂದ ತಂದು ನುಂಗುವ ನೋವಿನ ಮಾತ್ರೆಗಳು ಬಿಪಿ ಏರಿಸುತ್ತವೆ, ಹೃದಯ ಸೋತವರಿಗೆ ನೀರು ತುಂಬಿಸುತ್ತವೆ. ದಿನಾ ಐಬುಪ್ರೊಫೆನ್ ನುಂಗುವವರಲ್ಲಿ ಶ್ರವಣ ನಷ್ಟವೂ ಹೆಚ್ಚು ಕಂಡಿದೆ. ಮಂಡಿ ನೋವಿಗೆ ಬೇರೆ ದಾರಿ ಕೇಳಿ.

ಇನ್ನೊಂದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಸಿಲ್ಡೆನಾಫಿಲ್, ಅಂದರೆ ವಯಾಗ್ರ ಜಾತಿಯ ಮಾತ್ರೆಗಳು. 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇವುಗಳ ಚೀಟಿಯಲ್ಲಿ ಹಠಾತ್ ಶ್ರವಣ ನಷ್ಟದ ಎಚ್ಚರಿಕೆಯನ್ನು ಎದ್ದು ಕಾಣುವಂತೆ ಹಾಕಿಸಿತು. ಹೃದಯದ ಕಡೆಯಿಂದ ಇನ್ನೂ ದೊಡ್ಡ ಅಪಾಯ ಇದೆ. ಎದೆ ನೋವಿಗೆ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಅಥವಾ ನೈಟ್ರೋಗ್ಲಿಸರಿನ್ ಜೊತೆ ಇದು ಸೇರಿದರೆ ಬಿಪಿ ಕುಸಿದುಬೀಳುತ್ತದೆ. ಗುಟ್ಟಾಗಿ ತೆಗೆದುಕೊಳ್ಳುತ್ತಿದ್ದರೂ ಡಾಕ್ಟರ ಬಳಿ ಮುಚ್ಚಿಡಬೇಡಿ. ಹೆಂಡತಿ ಪಕ್ಕದಲ್ಲಿದ್ದರೆ ಒಬ್ಬರೇ ಮಾತಾಡಬೇಕು ಎಂದು ಕೇಳಿಕೊಳ್ಳಿ.

ಹಂತ 5: ದಿನನಿತ್ಯದ ಬದಲಾವಣೆ

ಸತ್ತ ಕೂದಲು ಕೋಶವನ್ನು ನಡಿಗೆ, ಯೋಗ, ಸೊಪ್ಪು ಯಾವುದೂ ಬದುಕಿಸುವುದಿಲ್ಲ. ಹಾಗೆ ಹೇಳಿ ಪುಡಿ ಮಾರುವವರನ್ನು ನಂಬಬೇಡಿ. ಉಳಿದಿರುವ ಕೋಶಗಳನ್ನು ಕಾಪಾಡುವುದು ಮಾತ್ರ ನಮ್ಮ ಕೈಲಿದೆ.

ಮೊದಲನೆಯದು ಹೊಗೆಸೊಪ್ಪು. ಅಮೆರಿಕದ ಬೀವರ್ ಡ್ಯಾಮ್ ಊರಿನಲ್ಲಿ ಮಾಡಿದ 1998ರ ಅಧ್ಯಯನದಲ್ಲಿ ಸಿಗರೇಟ್ ಸೇದುವವರಲ್ಲಿ ಶ್ರವಣ ನಷ್ಟದ ಸಾಧ್ಯತೆ ಸೇದದವರಿಗಿಂತ 1.69 ಪಟ್ಟು ಇತ್ತು. ಸೇದುವವರ ಜೊತೆ ಒಂದೇ ಮನೆಯಲ್ಲಿ ಇದ್ದವರಲ್ಲೂ ಹೆಚ್ಚಿತ್ತು. ಗುಟ್ಕಾ, ಜರ್ದಾ ಹಾಕಿದ ಎಲೆಅಡಿಕೆಯಿಂದ ಹೊಗೆ ಬರದಿದ್ದರೂ ನಿಕೋಟಿನ್ ರಕ್ತಕ್ಕೆ ಸೇರುತ್ತದೆ, ನಾಳ ಬಿಗಿಯುತ್ತದೆ.

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ. ಸಾರಿಗೆ ಹಾಕುವ ಉಪ್ಪಷ್ಟೇ ಲೆಕ್ಕವಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಬೇಕರಿಯ ಖಾರ ಬಿಸ್ಕತ್ತು ಎಲ್ಲವೂ ಸೇರಿ. ಸೋಡಿಯಂ ಕಡಿಮೆ ಇರುವ ಉಪ್ಪು ಎಂದು ಮಾರುವುದರಲ್ಲಿ ಪೊಟ್ಯಾಶಿಯಂ ಜಾಸ್ತಿ. ಕಿಡ್ನಿ ತೊಂದರೆ ಇರುವವರು ಕೇಳಿಯೇ ಬಳಸಿ. ನಡಿಗೆಯ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ, ದಿನಾ ಅರ್ಧ ಗಂಟೆ ನಡೆಯಿರಿ.

ಗದ್ದಲದ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು. ಯಾಕೆಂದರೆ ಗದ್ದಲ ಎರಡನ್ನೂ ಒಟ್ಟಿಗೆ ಹೊಡೆಯುತ್ತದೆ. ಕೂದಲು ಕೋಶಗಳನ್ನು ನೇರವಾಗಿ ಕೆಡಿಸುತ್ತದೆ. ಜೊತೆಗೆ ದೇಹದಲ್ಲಿ ಒತ್ತಡದ ಹಾರ್ಮೋನು ಏರಿಸಿ, ನಿದ್ದೆ ಕೆಡಿಸಿ ಬಿಪಿ ಹೆಚ್ಚಿಸುತ್ತದೆ. ಇಯರ್‌ಫೋನಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬೆಲ್ ಒಳಗೆ. ಮಗ್ಗ, ಗಿರಣಿ, ಕ್ರಷರ್‌ಗಳಲ್ಲಿ ದುಡಿಯುವವರು ಇಯರ್ ಪ್ಲಗ್ ಅಥವಾ ಇಯರ್ ಮಫ್ ಹಾಕಲೇಬೇಕು. ಬರೀ ಹತ್ತಿ ತುರುಕಿಕೊಂಡರೆ ಹೆಚ್ಚೇನೂ ತಡೆಯುವುದಿಲ್ಲ. ರಾತ್ರಿ ಹೊತ್ತು ವಸತಿ ಪ್ರದೇಶಕ್ಕೆ ಕಾನೂನಿನ ಮಿತಿ 45 ಡೆಸಿಬೆಲ್. ಗಣೇಶನ ಮೆರವಣಿಗೆಯ ಡಿಜೆ ಮುಂದೆ ಆ ಮಾತು ಹೇಳಿದರೆ ನಗುತ್ತಾರೆ, ಅಲ್ವಾ? ಕನಿಷ್ಠ ಹೃದಯದ ರೋಗಿಗಳೂ ಮಕ್ಕಳೂ ಅಲ್ಲಿಂದ ದೂರ ಇರಲಿ.

ಹಂತ 6: ಶ್ರವಣ ಸಾಧನ ಬೇಕಾದರೆ ಮುಂದೂಡಬೇಡಿ

"ವಯಸ್ಸಾಯ್ತು, ಇನ್ನು ಮೆಷಿನ್ ಯಾಕೆ" ಎನ್ನುವ ಅಜ್ಜ ಅಜ್ಜಿಯರು ಪ್ರತಿ ಮನೆಯಲ್ಲೂ ಇದ್ದಾರೆ. ಅವರಿಗೆ 2023ರ ಒಂದು ಅಮೆರಿಕನ್ ಪ್ರಯೋಗದ ಬಗ್ಗೆ ಹೇಳಿ. 70ರಿಂದ 84 ವಯಸ್ಸಿನ ಸಾವಿರದ ಹತ್ತಿರ ಜನರಲ್ಲಿ ಅರ್ಧದಷ್ಟು ಮಂದಿಗೆ ಶ್ರವಣ ಸಾಧನ ಕೊಟ್ಟು ಮೂರು ವರ್ಷ ನೋಡಿದರು. ಆರೋಗ್ಯವಾಗಿದ್ದ ಸ್ವಯಂಸೇವಕರಲ್ಲಿ ನೆನಪಿನ ಶಕ್ತಿಗೆ ಹೆಚ್ಚೇನೂ ಲಾಭ ಕಾಣಲಿಲ್ಲ. ಆದರೆ ರಕ್ತನಾಳಗಳ ಕಾಯಿಲೆಯ ಬಗ್ಗೆ ಮೊದಲಿಂದಲೂ ನಡೆಯುತ್ತಿದ್ದ ಅಧ್ಯಯನವೊಂದರಿಂದ ಬಂದವರಲ್ಲಿ, ಅಂದರೆ ವಯಸ್ಸೂ ಅಪಾಯಗಳೂ ಜಾಸ್ತಿ ಇದ್ದವರಲ್ಲಿ, ಬುದ್ಧಿ ಮಂಕಾಗುವ ವೇಗ ಸುಮಾರು ಅರ್ಧಕ್ಕೆ ಇಳಿದಿತ್ತು. ಬಿಪಿ, ಶುಗರ್ ಇರುವ ಅಜ್ಜನಿಗೆ ಸಾಧನದ ಲಾಭ ಹೆಚ್ಚಿರಬಹುದು ಎಂದಾಯಿತು.

ಆದಾಯ ಕಡಿಮೆ ಇರುವವರಿಗೆ ಕೇಂದ್ರದ ಎಡಿಪ್ ಯೋಜನೆಯಲ್ಲಿ ಸಾಧನ ಉಚಿತವಾಗಿ ಅಥವಾ ಕಡಿಮೆ ಬೆಲೆಗೆ ಸಿಗುತ್ತದೆ. ಮೈಸೂರಿನ ಸಂಸ್ಥೆಯಲ್ಲೂ ಕೊಡುತ್ತಾರೆ.

ಪೇಸ್‌ಮೇಕರ್ ಇರುವವರು ಶ್ರವಣ ಸಾಧನ ಧಾರಾಳವಾಗಿ ಹಾಕಬಹುದು. ಜೊತೆಗೆ ಬರುವ ಸಾಮಾನುಗಳಲ್ಲಿ ಮಾತ್ರ ಎಚ್ಚರ ಬೇಕು. ಕೊರಳಿಗೆ ನೇತುಹಾಕುವ ಬ್ಲೂಟೂತ್ ಉಪಕರಣ, ಅಯಸ್ಕಾಂತ ಇರುವ ಚಾರ್ಜಿಂಗ್ ಡಬ್ಬಿ ಇವನ್ನು ಪೇಸ್‌ಮೇಕರ್‌ನಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಿ. ಅಂಗಿಯ ಎಡ ಜೇಬಿನಲ್ಲಿ ಆ ಡಬ್ಬಿ ಇಟ್ಟುಕೊಳ್ಳಬೇಡಿ.

ಹಂತ 7: ಕಿವಿ ಕೇಳದವರು ಹೃದಯದ ಆಸ್ಪತ್ರೆಗೆ ಹೋದಾಗ

ಡಾಕ್ಟರು "ನೋವು ಒತ್ತಿದ ಹಾಗಿದೆಯಾ, ಚುಚ್ಚಿದ ಹಾಗಿದೆಯಾ?" ಎಂದು ಕೇಳುತ್ತಾರೆ. ಅರ್ಧ ಕೇಳಿದವರು "ಹೂಂ" ಎನ್ನುತ್ತಾರೆ. ಇಡೀ ರೋಗ ನಿರ್ಣಯ ಆ ಉತ್ತರದ ಮೇಲೆ ನಿಂತಿರುತ್ತದೆ. ಆದ್ದರಿಂದ ಒಳಗೆ ಹೋದ ಕೂಡಲೇ "ನನಗೆ ಕಿವಿ ಮಂದ, ನನ್ನ ಮುಖ ನೋಡಿ ನಿಧಾನವಾಗಿ ಹೇಳಿ" ಎನ್ನಿ. ನಾಚಿಕೆ ಬೇಡ. ಫೈಲಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ. ಮಾತ್ರೆಗಳ ಹೊತ್ತು, ಪ್ರಮಾಣ ಎಲ್ಲವನ್ನೂ ಕನ್ನಡದಲ್ಲಿ ಬರೆಸಿಕೊಂಡು, ನೀವು ಅರ್ಥ ಮಾಡಿಕೊಂಡದ್ದನ್ನು ಅವರ ಮುಂದೆ ಒಮ್ಮೆ ಹೇಳಿ ಒಪ್ಪಿಸಿ. ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ಅರ್ಧವೋ ಒಂದೋ ಎನ್ನುವುದು ತಪ್ಪಾದರೆ ರಕ್ತಸ್ರಾವದವರೆಗೂ ಹೋಗಬಹುದು.

ಆಂಜಿಯೋಗ್ರಾಂ ಕೋಣೆಗೆ ಹೋಗುವಾಗ ಸಾಧನ ತೆಗೆದಿಡಿ ಎನ್ನುತ್ತಾರೆ. ಎಚ್ಚರವಾಗಿಯೇ ಇರುತ್ತೀರಾದರೆ ಇಟ್ಟುಕೊಳ್ಳಬಹುದಾ ಎಂದು ಕೇಳಿ. "ಉಸಿರು ಹಿಡಿಯಿರಿ, ಕೆಮ್ಮಿ" ಎಂಬ ಸೂಚನೆಗಳು ಕೇಳಬೇಕಲ್ಲ. ಆಗದು ಎಂದರೆ ಕೈ ಸನ್ನೆ ಏನೆಂದು ಮೊದಲೇ ಗೊತ್ತು ಮಾಡಿಕೊಳ್ಳಿ.

ಹುಟ್ಟಿನಿಂದ ಕಿವಿ ಕೇಳದ ಮಗು ಮನೆಯಲ್ಲಿದ್ದರೆ

ಇಲ್ಲಿಯವರೆಗೆ ದೊಡ್ಡವರ ಕಥೆ. ಮಕ್ಕಳಲ್ಲಿ ಈ ನಂಟು ಅಪರೂಪ, ಆದರೆ ಸಿಕ್ಕಿದರೆ ಜೀವ ಉಳಿಸುವಂಥದ್ದು.

1957ರಲ್ಲಿ ನಾರ್ವೆಯ ಜೆರ್ವೆಲ್ ಮತ್ತು ಲಾಂಗೆ ನೀಲ್ಸನ್ ಎಂಬ ವೈದ್ಯರು ಒಂದು ಕುಟುಂಬದ ಬಗ್ಗೆ ಬರೆದರು. ಆರು ಮಕ್ಕಳಲ್ಲಿ ನಾಲ್ವರಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಆ ನಾಲ್ವರೂ ಆಗಾಗ ಪ್ರಜ್ಞೆ ತಪ್ಪಿ ಬೀಳುತ್ತಿದ್ದರು. ಮೂವರು ಇದ್ದಕ್ಕಿದ್ದಂತೆ ತೀರಿಕೊಂಡರು. ಕಾರಣ ಆಮೇಲೆ ತಿಳಿಯಿತು. ಒಳಕಿವಿಯ ದ್ರವಕ್ಕೆ ಪೊಟ್ಯಾಶಿಯಂ ತುಂಬುವ ಚಾನೆಲ್ ಮತ್ತು ಪ್ರತಿ ಬಡಿತದ ನಂತರ ಹೃದಯವನ್ನು ಮುಂದಿನ ಬಡಿತಕ್ಕೆ ಸಿದ್ಧಗೊಳಿಸುವ ಚಾನೆಲ್ ಒಂದೇ. ಅದರ ಜೀನ್ ಕೆಟ್ಟರೆ ಕಿವಿಯೂ ಕೇಳದು, ಹೃದಯದ ಲಯವೂ ತಪ್ಪುತ್ತದೆ. ಇಸಿಜಿಯಲ್ಲಿ ಕ್ಯೂಟಿ ಅಂತರ, ಅಂದರೆ ಒಂದು ಬಡಿತ ಶುರುವಾಗಿ ಹೃದಯ ಮತ್ತೆ ಸಿದ್ಧವಾಗುವವರೆಗಿನ ಹೊತ್ತು, ಉದ್ದವಾಗಿ ಕಾಣುತ್ತದೆ.

ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ ಈ ಕಾಯಿಲೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಹಾಗಾಗಿ ನಾವು ಹೆಚ್ಚು ಎಚ್ಚರ ಇರಬೇಕು. ಹುಟ್ಟಿನಿಂದ ಎರಡೂ ಕಿವಿ ಪೂರ್ತಿ ಕೇಳದ ಪ್ರತಿ ಮಗುವಿಗೂ ಒಮ್ಮೆ ಇಸಿಜಿ ಮಾಡಿಸಿ. ನೋವಿಲ್ಲದ, ಕೆಲವೇ ನಿಮಿಷದ ಪರೀಕ್ಷೆ ಅದು. ಓಡುವಾಗ, ಈಜುವಾಗ, ಹೆದರಿದಾಗ, ಅತ್ತಾಗ ಮಗು ಬಿದ್ದು ಎಚ್ಚರ ತಪ್ಪಿದರೆ "ಫಿಟ್ಸ್" ಎಂದು ಮಾತ್ರೆ ಶುರು ಮಾಡಿ ವರ್ಷಗಟ್ಟಲೆ ಕಳೆಯುವವರಿದ್ದಾರೆ. ಕಿವಿ ಕೇಳದ ಮಗುವಿಗೆ ಫಿಟ್ಸ್ ಎಂದರೆ, ಇಸಿಜಿ ನೋಡಿದಿರಾ ಎಂದು ಕೇಳುವುದು ನಿಮ್ಮ ಹಕ್ಕು.

ಗರ್ಭಿಣಿಗೆ ರುಬೆಲ್ಲಾ ಬಂದಾಗ ಹುಟ್ಟುವ ಮಗುವಿಗೂ ಕಿವುಡು, ಹೃದಯದ ದೋಷ, ಕಣ್ಣಿನ ಪೊರೆ ಮೂರೂ ಒಟ್ಟಿಗೆ ಬರಬಹುದು. ಇದಕ್ಕೆ ಲಸಿಕೆ ಇದೆ. 2017ರ ಫೆಬ್ರುವರಿಯಲ್ಲಿ ದಡಾರ ರುಬೆಲ್ಲಾ ಲಸಿಕೆ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮದುವೆಗೆ ಬಂದ ಹೆಣ್ಣುಮಕ್ಕಳು ಲಸಿಕೆ ಆಗಿದೆಯೇ ಎಂದು ನೋಡಿಕೊಳ್ಳಲಿ. ಗರ್ಭಿಣಿಯಾದ ಮೇಲೆ ಅದನ್ನು ಹಾಕುವುದಿಲ್ಲ.

ಕ್ಯೂಟಿ ಉದ್ದ ಇದೆ ಎಂದು ಗೊತ್ತಾದ ಮಗುವಿಗೆ ಮಕ್ಕಳ ಹೃದಯ ತಜ್ಞರು ಬೀಟಾ ಬ್ಲಾಕರ್ ಮಾತ್ರೆ ಕೊಡುತ್ತಾರೆ. ಕೆಲವರಿಗೆ ಶಾಕ್ ಕೊಡುವ ಉಪಕರಣ ಅಳವಡಿಸಬೇಕಾಗುತ್ತದೆ. ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಒಳಕಿವಿಗೆ ಶಸ್ತ್ರಚಿಕಿತ್ಸೆಯಿಂದ ಅಳವಡಿಸುವ ಶ್ರವಣ ಸಾಧನ, ಮಾಡಿಸಬಹುದು, ಆದರೆ ಅರಿವಳಿಕೆ ಕೊಡುವ ಡಾಕ್ಟರಿಗೆ ಈ ವಿಷಯ ಮೊದಲೇ ಗೊತ್ತಿರಬೇಕು. ಅಣ್ಣ, ತಂಗಿ, ತಂದೆ, ತಾಯಿಗೂ ಇಸಿಜಿ ಆಗಬೇಕು. ವಾಂತಿಗೆ ಕೊಡುವ ಆಂಡಾನ್‌ಸೆಟ್ರಾನ್, ಡೊಂಪೆರಿಡೋನ್, ಕೆಮ್ಮು ಜ್ವರಕ್ಕೆ ಕೊಡುವ ಅಜಿತ್ರೊಮೈಸಿನ್, ಎರಿತ್ರೊಮೈಸಿನ್ ಈ ಮಕ್ಕಳಿಗೆ ಅಪಾಯ. ಇವು ಪ್ರತಿ ಮೆಡಿಕಲ್ ಶಾಪಿನಲ್ಲೂ ಕೇಳಿದರೆ ಸಿಗುವ ಔಷಧಗಳು. ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆಸಿ, ಲ್ಯಾಮಿನೇಟ್ ಮಾಡಿಸಿ, ಒಂದನ್ನು ಮಗುವಿನ ಶಾಲೆಯ ಬ್ಯಾಗಿನಲ್ಲಿಡಿ, ಒಂದನ್ನು ಅಜ್ಜಿಯ ಮನೆಗೆ ಕೊಡಿ.